ದಪ್ಪ ಇಕ್ಕಳದ ಚೇಳು

ಬೆಳಿಗ್ಗೆ ಎಂಟೂವರೆ. ಚೇಳು ಮೇಷ್ಟ್ರು ತಮ್ಮ ಮನೆಯ ಹೊಸ್ತಿಲ ಬಳಿ ಸತ್ತು ಬಿದ್ದಿದ್ದರು. ಒಂದು ಕಾಲಿಗೆ ಬೂಟು ಇತ್ತು. ಇನ್ನೊಂದು ಬೂಟಿನಿಂದ ಹೊರಬಂದ ಚೇಳು ಗೋಡೆಯ ಮೂಲೆ ಸೇರಿತ್ತು.

ಒಣ ಬೆಟ್ಟಗಳ ಬಂಡೆ ಸಂದಿಯಲ್ಲಿ ಬದುಕುವ ಚೇಳುಗಳ ಕುಲವೊಂದನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು; ಚೇಳು ಮೇಷ್ಟ್ರು ಎಂಬ ಹೆಸರು ಬಂದದ್ದೂ ಅದರಿಂದಲೇ. ಅಂದು ಮತ್ತೆ ಬೆಟ್ಟಕ್ಕೆ ಹೊರಟಿದ್ದರು. ತಾನು ಅಂಗಡಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಹೆಂಡತಿ ಹೇಳಿದರು.

ಚೇಳುಗಳಿದ್ದದ್ದು ಹಿತ್ತಲ ಕೋಣೆಯ ಗಾಜಿನ ಪೆಟ್ಟಿಗೆಗಳಲ್ಲಿ. ಚೇಳು ಗಾಜು ಹತ್ತಲಾರದು. ಯಾರೋ ಎತ್ತಿ ತಂದು ಬೂಟಿಗೆ ಹಾಕಿದ್ದರು. ಕೋಣೆಯ ಕೀಲಿ ಮನೆಯಲ್ಲೊಂದು, ಸಹಾಯಕನ ಬಳಿ ಇನ್ನೊಂದು. ಅವನು ಹಿಂದಿನ ದಿನ ಮೇಷ್ಟ್ರ ಜತೆ ಜಗಳವಾಡಿದ್ದ. ಬೆಳಿಗ್ಗೆ ಪಯಣದ ಸಾಮಾನು ಕಟ್ಟಲು ಬಂದು ಹೋಗಿದ್ದ. ಇನ್ಸ್‌ಪೆಕ್ಟರ್ ಅವನನ್ನು ಠಾಣೆಗೆ ಕರೆಸಿದರು.

*

“ಕೊಲ್ಲೋ ಹಾಗಿದ್ರೆ ಪಕ್ಕದ ಪೆಟ್ಟಿಗೆಯ ಸಪೂರ ಇಕ್ಕಳದ್ದನ್ನ ತರ್ತಿದ್ದೆ ಸಾರ್. ಇದರ ಇಕ್ಕಳ ದಪ್ಪ, ಬಾಲ ಸಣ್ಣ. ಕುಟುಕಿದ್ರೆ ಜೇನು ಕಚ್ಚಿದಷ್ಟೆ. ಮನೆಗೆ ಬಂದೋರಿಗೆಲ್ಲ ಮೇಷ್ಟ್ರದ್ದು ಇದೇ ಪಾಠ,” ಎಂದ ಸಹಾಯಕ.

“ಮತ್ತೆ ಸತ್ತದ್ದು ಹೇಗಪ್ಪ?”

ಅವನು ಮೇಷ್ಟ್ರ ಗುಟ್ಟು ಬಿಚ್ಚಿದ. ಕುಟುಕಿಸಿಕೊಂಡು ಕುಟುಕಿಸಿಕೊಂಡು ಮೇಷ್ಟ್ರಿಗೆ ಅಲರ್ಜಿ ಬಂದಿತ್ತು. ಹೋದ ತಿಂಗಳು ಇದೇ ಜಾತಿಯದು ಕುಟುಕಿದಾಗ ಉಸಿರು ಕಟ್ಟಿತ್ತು, ಅವನೇ ಆಸ್ಪತ್ರೆಗೆ ಸೇರಿಸಿದ್ದ. ಮನೆಯಲ್ಲಿ ಬಾಯಿ ಬಿಡಬೇಡ, ಬೆಟ್ಟಕ್ಕೆ ಕಳಿಸಲ್ಲ ಎಂದು ಮೇಷ್ಟ್ರು ಹೇಳಿದ್ದರಂತೆ. ಹೇಳಿಬಿಡಿ ಎಂದು ಅವನು ಹಟ ಹಿಡಿದದ್ದೇ ಜಗಳಕ್ಕೆ ಕಾರಣ.

ಗುಟ್ಟು ಗೊತ್ತಿದ್ದವನು ಇವನೊಬ್ಬನೇ. ಅವನೇ ಕೊಲೆಗಾರ ಎನ್ನಲು ಠಾಣೆಯಲ್ಲಿದ್ದವರಿಗೆ ಅಷ್ಟು ಸಾಕಾಗಿತ್ತು. ಇನ್ಸ್‌ಪೆಕ್ಟರಿಗೆ ಸಾಕಾಗಲಿಲ್ಲ. ಹೆಣದ ಪಕ್ಕದ ಸ್ಟೂಲಿನ ಮೇಲೆ ಫ್ಲಾಸ್ಕ್ ತುಂಬ ಐಸು, ನೋವಿನ ಮಾತ್ರೆ, ಮಡಿಸಿದ ಟವೆಲ್ ಇದ್ದದ್ದನ್ನು ಅವರು ನೋಡಿದ್ದರು.

*

ಸಂಜೆ ಅವರು ಮೇಷ್ಟ್ರ ಹೆಂಡತಿಯ ಎದುರು ಕೂತರು.

“ಅಮ್ಮಾ, ನೀವು ಬರೋಷ್ಟರಲ್ಲಿ ಎಲ್ಲ ಮುಗಿದಿದ್ರೂ ಸ್ಟೂಲಿನ ಮೇಲೆ ಐಸಿತ್ತು, ಅಂದ್ರೆ ಕುಟುಕೋ ಮುಂಚೆನೇ ಯಾರೋ ಆರೈಕೆಗೆ ಸಿದ್ಧ ಮಾಡಿಟ್ಟಿದ್ರು. ಕೊಲ್ಲೋರು ಐಸ್ ಇಡಲ್ಲ. ಅಲರ್ಜಿ ಗೊತ್ತಿದ್ದೋನು ಐಸ್ ನಂಬ್ಕೊಂಡು ಕೂರಲ್ಲ. ಬರೀ ನೋವಾಗುತ್ತೆ ಅಂದ್ಕೊಂಡೋರು ಮಾಡಿರೋ ಕೆಲಸ ಇದು.”

ಆಕೆ ಒಪ್ಪಿಕೊಂಡರು. ಹೋದ ವರ್ಷ ಆ ಬೆಟ್ಟದಲ್ಲಿ ಬಂಡೆ ಉರುಳಿ ಮೇಷ್ಟ್ರ ಜತೆಗಾರ ಸತ್ತಿದ್ದ. ಎಷ್ಟು ಅಂಗಲಾಚಿದರೂ ಗಂಡ ಪಯಣ ಬಿಟ್ಟಿರಲಿಲ್ಲ. ಪಾದ ಊದಿಕೊಂಡರೆ ಮನೆಯಲ್ಲಿ ಉಳಿಯುತ್ತಾರೆ ಎಂದು, ಗಂಡನೇ ಕಲಿಸಿದಂತೆ ಆಕೆ ದಪ್ಪ ಇಕ್ಕಳದ್ದನ್ನು ಆರಿಸಿದ್ದರು. ಅಂಗಡಿಗೆ ಹೋದದ್ದು ಮುಲಾಮು ತರಲು.

“ನಾನು ಬರೋವರೆಗೂ ಬೂಟು ಹಾಕ್ಕೊಳಲ್ಲ ಅಂದ್ಕೊಂಡೆ,” ಎಂದರು. ಆಮೇಲೆ ಕೇಳಿದರು: “ಅಲರ್ಜಿ ಇದೆ ಅಂತ ನನಗೊಂದು ಮಾತು ಹೇಳಬಾರದಿತ್ತಾ?”

ಇನ್ಸ್‌ಪೆಕ್ಟರ್ ಎದ್ದು ಠಾಣೆಗೆ ಫೋನ್ ಮಾಡಿದರು.

ಸಹಾಯಕನನ್ನು ಆ ದಿನವೇ ಬಿಟ್ಟರು. ಬಂಧನವಾದ ಮೇಲೂ ಆಕೆ ಜಾಮೀನು ಕೇಳಲಿಲ್ಲ.