ಒಂದೇ ಅಳತೆಯ ಉಸಿರು

ಆಸ್ಪತ್ರೆಗೆ ಬಸ್ಸಲ್ಲೇ ಹೋಗ್ತೀನಿ ಎಂದು ಸುಚಿತ್ರಾ ಎಷ್ಟು ಹೇಳಿದರೂ ಅವಳ ಹಳೆಯ ಗಿರಾಕಿ ರವಿಚಂದ್ರ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಕೆ. ಹೊಸಕೋಟೆಯ ಅವಳ ಕಾಫಿ ಗಿಡದ ನರ್ಸರಿ ಮುಂದೆ ಜೀಪು ತಂದು ನಿಲ್ಲಿಸಿದ. ಎಸ್ಟೇಟ್‌ಗಳಿಗೆ ಆಳುಗಳನ್ನು ಸಾಗಿಸುವ ಜೀಪು ಅದು. ಮುಂದಿನ ಸೀಟನ್ನು ಒರೆಸಿ ಹೊಸ ಟವೆಲ್ ಹಾಸಿದ್ದ. ಅವಳು ನೋಡಿದಳು. ಏನೂ ಅನ್ನಿಸಲಿಲ್ಲ.

ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಡಾಕ್ಟರು ಹೇಳಿದ ದಿನದಿಂದಲೂ ಹಾಗೇ. ಅವಳಿಗೆ ನಲವತ್ತಮೂರು ವರ್ಷ, ಬೀಡಿ ಸಿಗರೇಟಿನ ಸುದ್ದಿಗೇ ಹೋದವಳಲ್ಲ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅತ್ತಿದ್ದರಲ್ಲೇ ಎಲ್ಲ ಮುಗಿದುಹೋಯಿತೇನೋ. ಆಪರೇಷನ್ ತಡೆದುಕೊಳ್ಳುವ ಶಕ್ತಿ ಅವಳಿಗಿಲ್ಲವೆಂದು, ಹಾಸನದ ಆಸ್ಪತ್ರೆಯೊಂದರಲ್ಲಿ ದಿನ ಬಿಟ್ಟು ದಿನ ಐದು ಸಲ ರೇಡಿಯೇಷನ್ ಕೊಡುವುದೆಂದು ತೀರ್ಮಾನವಾಗಿತ್ತು.

ಮೆಷಿನ್ ನಡೆಸುವ ವಾಣಿ ಎಂಬ ಹುಡುಗಿ ನಿಧಾನವಾಗಿ ತಿಳಿಸಿ ಹೇಳಿದಳು. ಉಸಿರಾಡಿದಾಗೆಲ್ಲ ಗಡ್ಡೆಯೂ ಸರಿದಾಡುತ್ತದೆ. ಹಾಗಾಗಿ ಉಸಿರು ಎಳೆದು ಹಿಡಿಯಬೇಕು, ಪ್ರತಿ ಸಲವೂ ಒಂದೇ ಅಳತೆಗೆ. ಕಿರಣ ಬಿಡುವ ಮೊದಲು ಸ್ಕ್ಯಾನ್ ತೆಗೆದು ನೋಡುತ್ತಾರೆ. ಚಿಕಿತ್ಸೆಗೆ ಮೊದಲು ತಯಾರಿಗೆಂದು ತೆಗೆದಿಟ್ಟ ಚಿತ್ರಕ್ಕೆ ಅದು ಹೊಂದಿದರೆ ಮಾತ್ರ ಮುಂದಿನ ಕೆಲಸ.

ವಾಪಸ್ ಬರುವಾಗ ಸುಚಿತ್ರಾ ಅಭ್ಯಾಸಕ್ಕೆಂದು ಉಸಿರು ಹಿಡಿದಳು. ಪಕ್ಕಕ್ಕೆ ನೋಡಿದರೆ ರವಿಚಂದ್ರನೂ ಹಿಡಿದಿದ್ದ. ಕೆನ್ನೆ ಉಬ್ಬಿ, ಕಿವಿ ಕೆಂಪಾಗಿತ್ತು.

"ನಿಮಗ್ಯಾಕ್ರೀ ಇದು? ರಸ್ತೆ ನೋಡ್ಕಂಡು ಓಡ್ಸಿ."

"ಜೊತೆಗಿರ್ಲಿ ಅಂತ," ಎಂದ.

ನಗಬೇಕು ಅನ್ನಿಸಿತು. ನಗು ತುಟಿಯವರೆಗೆ ಬರಲಿಲ್ಲ.

ಮೂರನೇ ಸಲ ಹೋಗುವಾಗ, ಆಲೂರು ದಾಟಿದ ಮೇಲೆ, ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಇದೆಲ್ಲ ಮುಗುದ್ಮೇಲೆ ನಮ್ಮನೆಗೆ ಬಂದ್ಬುಡಿ. ಮದ್ವೆ ಆಗಣ."

ಕನಿಕರಕ್ಕೆ ಕೇಳುತ್ತಿದ್ದಾನೆ ಅಂದುಕೊಂಡಳು. ಕಿಟಕಿಯ ಕಡೆ ತಿರುಗಿದಳು.

ಆ ದಿನ ಚಿತ್ರ ಹೊಂದಲಿಲ್ಲ. ಎರಡು ಸಲ ತೆಗೆದರೂ ಹೊಂದಲಿಲ್ಲ. ವಾಣಿ ಒಳಗೆ ಬಂದು, ಉಸಿರು ಜಾಸ್ತಿ ಎಳೆಯುತ್ತಿದ್ದೀರಿ, ಗಡ್ಡೆ ಅರ್ಧ ಸೆಂಟಿಮೀಟರ್ ಕೆಳಗೆ ಜಾರಿದೆ, ಹೀಗೆ ಕಿರಣ ಬಿಟ್ಟರೆ ಒಳ್ಳೆಯ ಭಾಗ ಸುಡುತ್ತದೆ ಎಂದಳು. ಇವತ್ತೇನಾಯಿತು ಎಂದೂ ಕೇಳಿದಳು. ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಮಲಗಿಸಿದರು. ಆಗ ಸುಚಿತ್ರಾಗೆ ತನ್ನ ಎದೆ ಹೊಡೆದುಕೊಳ್ಳುವುದು ಕೇಳಿಸಿತು. ಗಡ್ಡೆಯ ವಿಷಯ ಗೊತ್ತಾಗಿ ಎರಡು ತಿಂಗಳಲ್ಲಿ ಅದು ಕೇಳಿಸಿದ್ದು ಅದೇ ಮೊದಲು. ಕೊನೆಗೂ ಚಿತ್ರ ಹೊಂದಿತು.

ಹೊರಗೆ ಬಂದು ನಡೆದದ್ದನ್ನು ಹೇಳಿದಾಗ ರವಿಚಂದ್ರನ ಮುಖ ಇಳಿದುಹೋಯಿತು. ತಪ್ಪಾಯಿತು, ಇನ್ನು ಆ ಮಾತು ಎತ್ತುವುದಿಲ್ಲ ಎಂದ.

"ಪಾಪ ಅನ್ಸಿ ಕೇಳಿದ್ರಾ?"

"ನಾಕು ವರ್ಷದಿಂದ ಕೇಳ್ಬೇಕು ಅನ್ಕೊಂಡಿದ್ದೆ ಕಣ್ರೀ. ಗಡ್ಡೆ ಬಂದಿದ್ದು ಈಗ ತಾನೆ?"

ನಾಲ್ಕು ವರ್ಷದಿಂದ ಮಳೆಗಾಲ ಶುರುವಾದರೆ ಅವನು ನರ್ಸರಿಗೆ ಬಂದು ಗಿಡ ಕೊಂಡೊಯ್ಯುತ್ತಿದ್ದ. ಅವನಿಗೆ ಅಂಗೈಯಗಲ ತೋಟವೂ ಇರಲಿಲ್ಲ. ಅದು ಅವಳಿಗೆ ಈಗ ಹೊಳೆಯಿತು.

ಉಳಿದೆರಡು ಸಲ ಅವನು ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಚಿತ್ರ ಮೊದಲ ಸಲಕ್ಕೇ ಹೊಂದಿತು. ಕೊನೆಯ ದಿನ ಡಾಕ್ಟರು, ಗುಣವಾಯಿತೋ ಇಲ್ಲವೋ ಈಗಲೇ ಹೇಳಲಾಗದು, ಮೂರು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿ ನೋಡೋಣ ಎಂದರು.

ಅರ್ಧ ದಾರಿಗೆ ಬಂದಾಗ ಅವಳೇ ಮಾತೆತ್ತಿದಳು.

"ನಂಗೆ ಖುಷಿ ಆಗ್ತಿಲ್ಲ ರವಿಯವ್ರೆ. ದುಃಖಾನೂ ಇಲ್ಲ. ಒಳಗೆಲ್ಲ ಮರಗಟ್ಟೋಗೈತೆ. ಹಿಂಗಿರೋಳ್ನ ಕಟ್ಕೊಂಡು ಏನ್ಮಾಡ್ತೀರಾ?"

ಅವನು ಜೀಪನ್ನು ಪಕ್ಕಕ್ಕೆ ಹಾಕಿದ. ಇಂಜಿನ್ ಆರಿಸಿದ.

"ಅಡಿಗೆ ಮಾಡ್ತೀನಿ. ಸ್ಕ್ಯಾನ್‌ಗೆ ಕರ್ಕೊಂಡು ಹೋಗ್ತೀನಿ. ಮರಗಟ್ಟಿದ್ದು ಬಿಡೋವರ್ಗೂ ಪಕ್ಕದಲ್ಲಿ ಕೂತಿರ್ತೀನಿ."

ಸುಚಿತ್ರಾ ಗೇರ್ ಹಿಡಿದಿದ್ದ ಅವನ ಕೈ ಮೇಲೆ ತನ್ನ ಕೈಯಿಟ್ಟಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ, ಚೂರೇ ಚೂರು, ಬೆಚ್ಚಗಾಯಿತು. ಕೈ ತೆಗೆಯಲಿಲ್ಲ.

"ನಾಳೆ ಬೆಳಿಗ್ಗೆ ಬನ್ನಿ," ಎಂದಳು. "ಗಿಡಕ್ಕೆ ನೀರು ಹಾಕ್ಬುಟ್ಟು ನಿಮ್ಮನೆಗೆ ಹೋಗಣ."