ಬೇಗಂಗೆ ಹಿಡಿಸಿದ ಪಥ್ಯ

"ಏ... ಮುಟ್ಟಬ್ಯಾಡ!"

ಗಂಡನ ಬಾಯಿಂದ ಬಾನುಬೀ ಕೇಳಿದ ಮೊದಲ ಮಾತು ಅದು.

ಕುರುಗೋಡಿನಿಂದ ಮದುವೆಯಾಗಿ ಸಿರುಗುಪ್ಪದ ಈ ಮನೆಯ ಹೊಸ್ತಿಲು ದಾಟಿ ಇನ್ನೂ ಅರ್ಧ ತಾಸಾಗಿರಲಿಲ್ಲ. ಮೂಲೆಯ ಕೌದಿಯ ಮೇಲೆ ಮುದುಡಿ ಮಲಗಿದ್ದ ಬೂದು ಬಣ್ಣದ ಮುದಿ ಬೆಕ್ಕನ್ನು ಕಂಡು ಕೈ ಚಾಚಿದ್ದಳು, ಅಷ್ಟೇ. ಕೈ ಅಲ್ಲೇ ನಿಂತಿತು.

"ಅಲ್ಲ... ಹೊಸಬರು ಮುಟ್ಟಿದ್ರ ಆಕಿ ಉಗುರು ಹಾಕ್ತಾಳ. ಅದಕ್ಕಂದೆ," ಎಂದು ತಡವರಿಸಿದ ಮುನಾಫ್, ಮುಖ ಕೆಂಪು ಮಾಡಿಕೊಂಡು ಹೊರಗೆ ಹೋಗಿಬಿಟ್ಟ.

ಅಷ್ಟರಲ್ಲಿ ಬೆಕ್ಕು ಎದ್ದು ಬಂದು ಬಾನುವಿನ ಬೆರಳನ್ನು ಮೂಸಿತು. ಉಗುರು ಹಾಕಲಿಲ್ಲ. ಅದನ್ನು ನೋಡಲು ಅವನು ಅಲ್ಲಿರಲಿಲ್ಲ.

ಬ್ರಿಟಿಷರು ಹೋಗಿ ಎರಡು ವರ್ಷವಾಗಿತ್ತು. ಮುನಾಫ್ ಸಿರುಗುಪ್ಪದ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ತೀರಿಕೊಂಡ ಅವನ ತಾಯಿ ಸಾಕಿದ ಬೆಕ್ಕು ಅದು. ಹೆಸರು ಬೇಗಂ, ವಯಸ್ಸು ಹದಿನಾರು.

"ಏನವಾ ಬಾನು, ಸವತಿ ಹೆಂಗದಾಳ?" ಎಂದು ಪಕ್ಕದ ಮನೆಯ ಮಾಸುಮಾಬಿ ಚಾಚಿ ದಿನಾ ಗೋಡೆಯಾಚೆಯಿಂದ ಕೂಗುತ್ತಿದ್ದಳು. "ನಿನಗಿಂತ ಮೊದಲು ಬಂದಾಕಿ ಆಕಿ. ಮರ್ಯಾದಿ ಕೊಡು!"

ಬಾನು ನಗುತ್ತಿದ್ದಳು. ಆದರೆ ಒಳಗೊಳಗೇ ಚುಚ್ಚುತ್ತಿತ್ತು. ಏಕೆಂದರೆ ಮೂರು ವಾರದಲ್ಲಿ ಮುನಾಫ್ ಹೆಂಡತಿಗಿಂತ ಬೆಕ್ಕಿನೊಡನೆಯೇ ಹೆಚ್ಚು ಮಾತಾಡಿದ್ದ. ಊಟಕ್ಕೆ ಕೂತರೂ ಅಷ್ಟೇ. "ಬೇಗಂ, ಇವತ್ತು ಸಾರು ಬಾಳ ಚೊಲೊ ಆಗೇತಿ ನೋಡು!" ಎನ್ನುವನು, ಹೆಂಡತಿಯ ಕಡೆ ಕಣ್ಣೆತ್ತದೆ.

'ಸಾರು ಮಾಡಿದಾಕಿ ನಾನು. ಹೊಗಳಿಕೆ ಮಾತ್ರ ಬೆಕ್ಕಿಗೆ!'

ಮೂರನೇ ವಾರ ಬೇಗಂಗೆ ಒಸಡು ಬಾತು ಕೀವಾಯಿತು. ಮೈ ಕೆಂಡದಂತೆ ಸುಡತೊಡಗಿತು. ಆಸ್ಪತ್ರೆಯ ಡಾಕ್ಟರು ಬಳ್ಳಾರಿಯಿಂದ ಕೀವು ಒಣಗಿಸುವ ಸಲ್ಫಾ ಗುಳಿಗೆ ತರಿಸಿಕೊಟ್ಟರು. ಅದೇ ಹೊತ್ತಿಗೆ ಸಿರಿಗೇರಿ ಕಡೆ ದನಗಳಿಗೆ ದೊಡ್ಡರೋಗ ಹಬ್ಬಿ, ಆಸ್ಪತ್ರೆಯವರೆಲ್ಲ ಐದು ದಿನ ಅಲ್ಲಿಗೆ ಸೂಜಿಮದ್ದು ಹಾಕಲು ಹೊರಡಬೇಕಾಯಿತು.

ಹೊರಡುವ ಮುಂಜಾನೆ ಮುನಾಫ್ ಹಿತ್ತಲಲ್ಲಿ ಚಾಚಿಗೆ ಹೇಳುತ್ತಿದ್ದುದು ಅಡುಗೆಮನೆಯಲ್ಲಿದ್ದ ಬಾನುವಿಗೆ ಕೇಳಿಸಿತು.

"ಈಕಿ ಒಬ್ಬಾಕಿ ಹೋದ್ಲಂದ್ರ ಈ ಮನ್ಯಾಗ ನನಗ ಯಾರು ಉಳಿತಾರ, ಚಾಚಿ?"

ಬಾನು ಬೇಯಿಸುತ್ತಿದ್ದ ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. 'ಯಾರು ಉಳಿತಾರ ಅಂತ ಕೇಳ್ತಾರಲ್ಲ... ಹಂಗಾದ್ರ ನಾನು ಯಾರು?'

ಮುನಾಫ್ ಒಳಗೆ ಬಂದು ಗುಳಿಗೆಯ ಪೊಟ್ಟಣ ಕೊಟ್ಟ. "ಮುಂಜಾನಿ ಕಾಲು ಗುಳಿಗಿ, ಸಂಜಿಗೆ ಕಾಲು ಗುಳಿಗಿ. ಬಿಡಬಾರದು. ಬಿಟ್ರ ಜ್ವರ ತಿರುಗಿ ಬರ್ತೈತಿ."

ಅಷ್ಟೇ ಹೇಳಿ ಹೊರಟುಹೋದ.

ಬಾನುವಿನ ನಾನಿ, ಅಂದರೆ ತಾಯಿಯ ತಾಯಿ, ಕುರುಗೋಡಿನಲ್ಲಿ ನಾಟಿ ಔಷಧಿ ಕೊಡುವವಳು. ಔಷಧಿಯೆಂದರೆ ಖಾಲಿ ಹೊಟ್ಟೆ, ಔಷಧಿಯೆಂದರೆ ಪಥ್ಯ! ಹಾಲಿಲ್ಲ, ಮೀನಿಲ್ಲ, ಮಾಂಸವಿಲ್ಲ. ಬಾನು ಬೆಳೆದದ್ದೇ ಹಾಗೆ. ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕೇ? ಬೆಕ್ಕಿಗೂ ಕಟ್ಟುನಿಟ್ಟಾಗಿ ಪಥ್ಯ ಹಿಡಿಸಿದಳು. ಎರಡು ಹೊತ್ತೂ ಬರೀ ಹೊಟ್ಟೆಗೆ ಗುಳಿಗೆ ಅರೆದು ಕುಡಿಸಿ, ನಡುವೆ ನಾಲ್ಕು ಅಗುಳು ಸಪ್ಪೆ ಅನ್ನವನ್ನಷ್ಟೇ ಇಟ್ಟಳು. ಬೇಗಂ ಅದನ್ನು ಮೂಸಿಯೂ ನೋಡಲಿಲ್ಲ.

ಮೊದಲ ಸಂಜೆಯೇ ಬೇಗಂ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳತೊಡಗಿತು. ಜೊಲ್ಲು ದಾರದಂತೆ ಇಳಿಯಿತು. ಹೊಟ್ಟೆ ಹಿಂಡಿ ಹಿಂಡಿ ವಾಂತಿ ಮಾಡಿತು.

ಎರಡನೇ ದಿನ ಬರೀ ಹಳದಿ ನೊರೆ...

ಮೂರನೇ ದಿನ ಬೆಳಿಗ್ಗೆ ಬಾನು ತವರಿನಿಂದ ತಂದ ಬಟ್ಟೆಯ ಟ್ರಂಕಿನ ಮೇಲಿಂದ ಇಳಿಯಲು ಹೋಗಿ ಕೆಳಗೆ ಬಿತ್ತು. ಬಿದ್ದದ್ದು ಮತ್ತೆ ಏಳಲಿಲ್ಲ!

"ಬೇಗಂ! ಬೇಗಂ... ಏಳವಾ..."

ಬಾನು ಅದನ್ನು ಮಡಿಲಿಗೆ ಎತ್ತಿಕೊಂಡಳು. ಹತ್ತಿಯಂತೆ ಹಗುರ! ಜ್ವರ ಇಳಿದಿತ್ತು, ಆದರೆ ಜೀವವೂ ಇಳಿಯುತ್ತಿರುವಂತಿತ್ತು. ಗುಳಿಗೆ ಕೊಟ್ಟರೆ ವಾಂತಿ. ಬಿಟ್ಟರೆ ಜ್ವರ. ಯಾವುದು ಮಾಡಿದರೂ ಸಾವು ತನ್ನ ಕೈಯಿಂದಲೇ!

"ಯಾ ಅಲ್ಲಾ! ಮುನಾಫನ ಅವ್ವ ಪ್ರಾಣ ಬಿಡೋ ಮುಂದ ಈ ಬೆಕ್ಕಿನ ಮ್ಯಾಲೆ ಕೈ ಇಟಗೊಂಡಿದ್ಲವಾ..." ಎಂದಳು ಓಡಿಬಂದ ಚಾಚಿ.

ಬಾನು ಬೇಗಂಳನ್ನು ಎದೆಗೆ ಒತ್ತಿಕೊಂಡಳು. 'ಸವತಿ ಮತ್ಸರಕ್ಕ ಕೊಂದ್ಲು ಅಂತಾರ ಮಂದಿ. ಅವರೂ ಹಂಗ ತಿಳಕೊಂಡ್ರ? ನನ್ನ ಮಾರಿ ನೋಡ್ತಾರೇನು ಆಮೇಲೆ?'

ಬುಟ್ಟಿ ಎಳೆದುಕೊಂಡು ಬೇಗಂಳನ್ನು ಅದರಲ್ಲಿ ಮಲಗಿಸಿದಳು.

"ಚಾಚಿ, ಸಿರಿಗೇರಿಗೆ ಹೋಗೋಣ. ನಡಿ."

"ಬೆಕ್ಕು ತಗೊಂಡು ಬಸ್ಸಿನ್ಯಾಗ? ಮಂದಿ ನಗತಾರಲೇ ಹುಚ್ಚಿ!"

"ನಗಲಿ!"

ಬಸ್ಸಿನ ಕುಲುಕಾಟದಲ್ಲಿ ಬಾನು ಸೆರಗಿನ ಕೆಳಗೆ ಕೈ ತೂರಿಸಿ, ಬೇಗಂಳ ಮೂಗಿನ ಮುಂದೆ ಬೆರಳು ಹಿಡಿದೇ ಕೂತಿದ್ದಳು. ನಡುದಾರಿಯಲ್ಲಿ ಒಮ್ಮೆ ಉಸಿರು ತಾಗಲಿಲ್ಲ. ಒಂದು... ಎರಡು... ಮೂರು... ಬಾನುವಿನ ಉಸಿರೂ ನಿಂತಿತು. ಆಮೇಲೆ ಬೆರಳಿನ ತುದಿಗೆ ಏನೋ ಬೆಚ್ಚಗೆ ತಾಗಿತು.

ಸಿರಿಗೇರಿಯ ಬಯಲಿನಲ್ಲಿ ಎತ್ತು ಎಮ್ಮೆಗಳ ಸಾಲು, ಧೂಳು, ಕೂಗಾಟ. ಹೆಂಗಸರು ಬುಟ್ಟಿ ಹಿಡಿದು ಬಂದದ್ದನ್ನು ಕಂಡು, ಎತ್ತಿನ ಮೂಗುದಾರ ಹಿಡಿದಿದ್ದ ರೈತ ಕೊಟ್ಟೂರಪ್ಪ ಬುಟ್ಟಿಯೊಳಗೆ ಇಣುಕಿದ.

"ಮುನಾಫಣ್ಣ, ನೋಡಿಲ್ಲೆ! ಬೆಕ್ಕಿಗೂ ದೊಡ್ಡರೋಗದ ಸೂಜಿ ಹಾಕಸಾಕ ಬಂದಾರ!"

ಎಲ್ಲರೂ ಘೊಳ್ಳೆಂದು ನಕ್ಕರು. ಮುನಾಫ್ ತಿರುಗಿದ. ಹೆಂಡತಿಯನ್ನು ಕಂಡ, ಬುಟ್ಟಿಯನ್ನು ಕಂಡ. ಕೈಯಲ್ಲಿದ್ದ ಸೂಜಿ ಕೆಳಗಿಟ್ಟು ಓಡಿಬಂದ.

"ನಾನ ಕೊಂದೆ ಅನಸ್ತೈತ್ರಿ..." ಬಾನುವಿನ ದನಿ ಒಡೆಯಿತು. "ನೀವು ಹೇಳಿದಷ್ಟ ಕೊಟ್ಟೆ. ಒಂದು ಹೊತ್ತೂ ತಪ್ಪಿಸಿಲ್ಲ. ಖಾಲಿ ಹೊಟ್ಟಿಗೇ ಕೊಟ್ಟೀನಿ. ಹಾಲು, ಮೀನು ಒಂದೂ ಹಾಕಿಲ್ಲ. ಮೂರು ದಿನ ಪಥ್ಯ ಹಿಡಿಸೀನಿ..."

"ಬೆಕ್ಕಿಗೆ ಪಥ್ಯ!" ಕೊಟ್ಟೂರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಮುನಾಫ್ ನಗಲಿಲ್ಲ. ಅವನು ಕೈ ಮೇಲೆತ್ತಿದ. ಬಾನು ಕಣ್ಣು ಮುಚ್ಚಿಕೊಂಡಳು.

ಪಟ್ಟೆಂಬ ಸದ್ದು! ಅವನು ಹೊಡೆದುಕೊಂಡದ್ದು ತನ್ನ ಹಣೆಗೆ.

"ತಪ್ಪು ನಂದು! ಈ ಗುಳಿಗಿ ಖಾಲಿ ಹೊಟ್ಟಿಗೆ ಬಿದ್ರ ಮನಶ್ಯಾರಿಗೂ ಹೊಟ್ಟಿ ತೊಳಸ್ತೈತಿ. ಮೊದಲು ಏನರ ತಿನ್ನಿಸಬೇಕು. ನೀರು ಬಾಳ ಕುಡಿಸಬೇಕು. ನಾನು ದಿನಾ ಎತ್ತಿಗೆ ಮದ್ದು ಹಾಕಾವ. ಎತ್ತಿನ ಹೊಟ್ಟಿ ಯಾವಾಗ ಖಾಲಿ ಇರ್ತೈತಿ? ಹೇಳಬೇಕಂತ ತಲಿಗೇ ಹೊಳಿಲಿಲ್ಲ..."

ಕೊಟ್ಟೂರಪ್ಪನ ನಗು ನಿಂತಿತು. ತಾನೇ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟ.

ಬೇವಿನ ಮರದ ಕೆಳಗೆ ಕೂತು ಮುನಾಫ್ ಬೇಗಂಳ ಕತ್ತಿನ ಚರ್ಮವನ್ನು ಎಳೆದು ಬಿಟ್ಟ. ಅದು ತಟ್ಟನೆ ಇಳಿಯದೆ ಮಡಿಕೆಯಾಗಿಯೇ ನಿಂತಿತು.

"ಮೈಯಾಗ ನೀರಿಲ್ಲ," ಎಂದ. "ಚಾಚಿ, ಇಲ್ಲೆ ನಿಮ್ಮ ಬೀಗರ ಮನಿ ಐತಲ್ಲ? ಒಂದೀಟು ಮಾಂಸದ ನೀರು ಬೇಕು. ಕಾರ, ಉಳ್ಳಾಗಡ್ಡಿ ಏನೂ ಹಾಕಬಾರದು."

ಚಾಚಿ ಬುರ್ಖಾ ಎತ್ತಿಕೊಂಡು ಓಡಿದಳು.

ಹತ್ತಿಯನ್ನು ನೀರಿನಲ್ಲಿ ಅದ್ದಿ ಬಾಯಿಯ ಓರೆಗೆ ಒಂದು ಹನಿ. ನಿಲ್ಲುವುದು. ಮತ್ತೊಂದು ಹನಿ. "ಅವಸರ ಮಾಡಬಾರದು. ಒಮ್ಮೆಲೆ ಕುಡಿಸಿದ್ರ ಮತ್ತ ಕಾರ್ತಾಳ. ಇವತ್ತು ಗುಳಿಗಿ ಬ್ಯಾಡ. ಹೊಟ್ಟಿ ತಣ್ಣಗಾಗ್ಲಿ. ನಾಳಿಗೆ ಡಾಕ್ಟರನ್ನ ಕೇಳಿ, ತಿಂದ ಮ್ಯಾಲೆ ಬೆಣ್ಣಿಯಾಗ ಇಟ್ಟು ಕೊಡೋಣ."

ಹತ್ತನೆಯ ಹನಿಗೆ ಬೇಗಂ ತುಟಿ ನೆಕ್ಕಿಕೊಂಡಿತು.

ಬಾನು ಬೆಚ್ಚಿಬಿದ್ದಳು. "ಹಿಂಗ ನೆಕ್ಕಿದ ಮ್ಯಾಲೇ ವಾಂತಿ ಮಾಡ್ತಾಳ್ರಿ!"

"ತಡಿ. ಅಲುಗಾಡಬ್ಯಾಡ."

ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಬೇಗಂ ಕತ್ತು ಮುಂದೆ ಚಾಚಿತು. ಹೊಟ್ಟೆ ಒಮ್ಮೆ ಹಿಂಡಿತು... ಮತ್ತೊಮ್ಮೆ... ಬಾನು ತನಗೆ ಗೊತ್ತಿಲ್ಲದೆಯೇ ಮುನಾಫನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಬೇಗಂ ಗುಟುಕರಿಸಿ ನುಂಗಿಕೊಂಡಿತು. ತಲೆಯನ್ನು ಬಾನುವಿನ ಮಣಿಕಟ್ಟಿನ ಮೇಲೆ ಇಟ್ಟಿತು. ವಾಂತಿಯಾಗಲಿಲ್ಲ.

ಮುನಾಫ್ ಆ ತಲೆಯನ್ನೇ ನೋಡುತ್ತಿದ್ದ. "ನಿನ್ನ ಹತ್ರ ಹಿಂಗ ಮಲಗ್ತಾಳೇನು?"

"ದಿನಾ. ಬಂದ ದಿನದಿಂದ. ರಾತ್ರಿ ನನ್ನ ಟ್ರಂಕಿನ ಮ್ಯಾಲೆ."

"ಟ್ರಂಕಿನ ಮ್ಯಾಲೆ?" ಅವನ ದನಿ ಬದಲಾಯಿತು. "ಅದಕ್ಕ ಅದರ ಬಾಯಿ ತೆಗದಿಲ್ಲೇನು ನೀನು?"

"ಮುದುಕಿ ಮಲಗಿದಾಗ ಹೆಂಗ ಎಬ್ಬಸ್ಲಿ? ಕೈಯಾಗಿದ್ದ ಎರಡು ಸೀರ್ಯಾಗ ಸುಧಾರಿಸೀನಿ."

ಮುನಾಫ್ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ. "ಮೂರು ವಾರ ಆತು, ನೀನು ಬಟ್ಟಿ ಹೊರಗ ತೆಗದಿಲ್ಲ. ಈಕಿಗೆ ಇಲ್ಲಿ ಇರಾಕ ಮನಸಿಲ್ಲ, ಯಾವಾಗರ ಎದ್ದು ಕುರುಗೋಡಿಗೆ ಹೋಗ್ತಾಳ ಅನಕೊಂಡೆ. ಅದಕ್ಕ ಮಾತಾಡಿಸಾಕ ಧೈರ್ಯ ಬರಲಿಲ್ಲ... ಸಾರು ಚೊಲೊ ಆಗೇತಿ ಅನ್ನಾಕೂ ಬೆಕ್ಕು ಬೇಕಾತು."

'ಯಾರು ಉಳಿತಾರ' ಎಂದು ಅವನು ಕೇಳಿದ್ದು, ತಾನೂ ಹೋಗಿಬಿಡುವೆನೆಂಬ ಅಂಜಿಕೆಗೆ! ಬಾನುವಿನ ಕಣ್ಣು ತುಂಬಿ ಬಂತು. ನಗುವೂ ಬಂತು.

ಅಷ್ಟರಲ್ಲಿ ಚಾಚಿ ಬಿಸಿ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ನೀರಡಿಕೆಯ ನೆಪ ಹೇಳಿ ಮರೆಯಾದಳು. ಬಾನು ಮಾಂಸದ ನೀರನ್ನು ಆರಿಸಿ ಬೆರಳಿಗೆ ಹಚ್ಚಿ ಹಿಡಿದಳು. ಬೇಗಂ ಮೂಸಿತು. ಮುಖ ತಿರುಗಿಸಿತು. ಮತ್ತೆ ಮೂಸಿತು. ಒರಟು ನಾಲಿಗೆ ಬೆರಳಿಗೆ ತಾಗಿತು... ಒಮ್ಮೆ, ಎರಡು ಸಲ, ಮೂರು ಸಲ!

"ತಿಂದ್ಲು! ತಿಂದ್ಲು ನೋಡ್ರಿ!"

ಮುನಾಫ್ ತೋಳಿನಲ್ಲಿ ಕಣ್ಣೊರೆಸಿಕೊಂಡ. "ಬಾನು, ಸುಳ್ಳು ಹೇಳಂಗಿಲ್ಲ. ಈಕಿಗೆ ವಯಸ್ಸಾಗೇತಿ. ಈ ಸಲ ಉಳದ್ರೂ ಬಾಳ ದಿನ ಇರಂಗಿಲ್ಲ. ಆಕಿ ಹೋದ ಮ್ಯಾಲೆ... ನೀನು?"

ಬಾನು ಬೆಕ್ಕಿನ ಬೆನ್ನು ನೇವರಿಸುತ್ತ ಮೆಲ್ಲಗೆ ಹೇಳಿದಳು.

"ಮುಂಜಾನಿ ಜೀವ ಹೋಗುವಷ್ಟು ಅಂಜಿಕಿ ಆತ್ರಿ. ನೀವು ಬೈತೀರಿ ಅಂತ ಅಂಜಿದೆ, ಬಿಟ್ಟುಬಿಡ್ತೀರಿ ಅಂತ ಅಂಜಿದೆ. ಅಷ್ಟು ಅಂಜಿದ್ರೂ ಓಡಿ ಬಂದದ್ದು ಕುರುಗೋಡಿಗಲ್ಲ. ನಿಮ್ಮ ಹತ್ರ. ಇನ್ನೇನು ಹೇಳ್ಲಿ?"

ಬಯಲಿನಿಂದ ಯಾರೋ ಮುನಾಫನನ್ನು ಕೂಗುತ್ತಿದ್ದರು. ಅವನು ಏಳಲಿಲ್ಲ.

"ಇನ್ನೊಂದೀಟು ಸರದು ಕುಂದರು," ಎಂದ.

"ಮಂದಿ ನೋಡ್ತಾರ್ರಿ!"

"ನೋಡ್ಲಿ."

ಬಾನು ಸರಿದು ಕೂತಳು.