ಓಡಿಬಂದವಳು

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಷ್ಟೇ!

ಹಾಲ್‌ಗೆ ಬರುತ್ತಿದ್ದ ಅಸ್ಫಿಯಾಳ ಕೈಯಿಂದ ಟೀ ಟ್ರೇ ಜಾರಿ ಬಿತ್ತು. ಹೆಣ್ಣು ನೋಡಲು ಕುಣಿಗಲ್‌ನಿಂದ ಬಂದಿದ್ದವರ ನಡುವೆಯೇ ನುಗ್ಗಿ, ಬರಿಗಾಲಲ್ಲಿ ಬೀದಿಗೆ ಓಡಿದಳು. ಗುಬ್ಬಿಯ ಆ ಓಣಿಯ ಕೊನೆಯಲ್ಲಿ, ನಿಂತಿದ್ದ ಆಟೋ ಹಿಂದೆ ಕಿವಿ ಮುಚ್ಚಿ ಕುಳಿತುಬಿಟ್ಟಳು.

ಮೊದಲು ಹುಡುಕಿಕೊಂಡು ಬಂದವನು ಅವಳ ಅಣ್ಣ ನಯೀಮ್ ಅಲ್ಲ. ನೋಡಲು ಬಂದಿದ್ದ ಹುಡುಗ, ತಾರಿಖ್!

"ಹತ್ರ ಬರಲ್ಲ. ಇಲ್ಲೇ ಕೂತಿರ್ತೀನಿ... ನಿಧಾನಕ್ಕೆ ಉಸಿರು ಬಿಡಿ."

ಬಾಗಿಲುಗಳಲ್ಲಿ ನಿಂತು ಜನ ನೋಡುತ್ತಿದ್ದರು. 'ಯಾ ಅಲ್ಲಾಹ್, ಅಮ್ಮಿಗೆ ಹೇಗೆ ಮುಖ ತೋರಿಸಲಿ...'

ಬಂದವರು ಊಟ ಮಾಡದೆ ಎದ್ದರು. "ಹುಡುಗಿಗೆ ತಲೆ ಸರಿ ಇಲ್ಲ" ಎಂದರು ಯಾರೋ. ತಾರಿಖ್ ತುಟಿ ಬಿಚ್ಚದೆ ಅವರ ಹಿಂದೆ ನಡೆದ.

ಎಂಟು ತಿಂಗಳ ಹಿಂದೆ, ತುಮಕೂರಿನ ಸತ್ಯಮಂಗಲದಲ್ಲಿ ಅವಳು ಕೆಲಸಕ್ಕಿದ್ದ ಸಣ್ಣ ಫ್ಯಾಕ್ಟರಿಯಲ್ಲಿ ಬಾಯ್ಲರ್ ಸಿಡಿದಿತ್ತು. ಅಸ್ಫಿಯಾಳಿಗೆ ಒಂದು ಗೀರೂ ಆಗಿರಲಿಲ್ಲ. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಕುಣಿಗಲ್‌ನವರು ಎದ್ದುಹೋದ ಮರುವಾರ ನಯೀಮ್ ಅವಳನ್ನು ತುಮಕೂರಿಗೆ ಕೌನ್ಸೆಲಿಂಗ್‌ಗೆ ಕರೆದೊಯ್ದ. ಗುರುತು ಸಿಗದಂತೆ ನಖಾಬ್ ಇಳಿಬಿಟ್ಟುಕೊಂಡಳು.

"ನಾನು ಹುಚ್ಚೀನಾ ಭಯ್ಯಾ?"

ಅವನ ಕಣ್ಣು ತುಂಬಿತು.

ಉತ್ತರ ಕೊಟ್ಟವರು ಕೌನ್ಸೆಲರ್ ಮಧುಶ್ರೀ. "ಹುಚ್ಚಲ್ಲಮ್ಮ. ಅವತ್ತು ಹೆದರಿಕೆ ನಿಮ್ಮ ಜೀವ ಉಳಿಸ್ತು. ಅಪಾಯ ಮುಗೀತು ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ. ಮೆಲ್ಲಗೆ ಗೊತ್ತು ಮಾಡ್ಸೋಣ."

ಮೂರನೇ ಸಲ ಹೋದಾಗ ಹೊರಗಿನ ಬೆಂಚಿನ ಮೇಲೆ ತಾರಿಖ್! ಅವಳ ಮೈಯೆಲ್ಲ ಉರಿಯಿತು.

"ನನ್ನ ಹುಚ್ಚು ನಿಜಾನಾ ಅಂತ ನೋಡೋಕೆ ಬಂದ್ರಾ? ನೋಡ್ಕೊಳ್ಳಿ... ಊರಿಗೆಲ್ಲ ಹೇಳಿ!"

ಅವನು ತನ್ನ ಫೈಲ್ ಚಾಚಿದ. ಮೇಲೆ ಅವನದೇ ಹೆಸರು. ಒಳಗೆ ವರ್ಷವಿಡೀ ಬಂದುಹೋದ ತಾರೀಖುಗಳು.

"ನಯೀಮ್ ಭಾಯ್‌ಗೆ ಮೇಡಂ ನಂಬರ್ ಕೊಟ್ಟಿದ್ದು ನಾನೇ. ಅಬ್ಬಾನ್ನ ಬೈಕಲ್ಲಿ ಕೂರಿಸ್ಕೊಂಡು ಬರ್ತಿದ್ದೆ... ಲಾರಿ ಗುದ್ತು. ಅವ್ರು ಹೋದ್ರು. ಹಾರ್ನ್ ಕೇಳಿದ್ರೆ ಈಗ್ಲೂ ಕೈಕಾಲು ಆಡಲ್ಲ."

ತಲೆ ತಗ್ಗಿಸಿದ. "ಅವತ್ತು ನಿಮ್ಮನೇಲಿ 'ನನಗೂ ಹಿಂಗಾಗುತ್ತೆ' ಅಂದಿದ್ರೆ ಸಾಕಿತ್ತು. ನಾಚ್ಕೆ... ನಿಮ್ಮೊಬ್ರನ್ನೇ ಬಿಟ್ಟು ಹೊರಟೋದೆ."

ಮಧುಶ್ರೀಗೂ ಹೇಳದ್ದು ಅಸ್ಫಿಯಾಳ ಬಾಯಿಂದ ಹೊರಬಂತು.

"ನಾನೂ ಬಿಟ್ಟು ಬಂದೋಳೇ. ನನ್ನ ಪಕ್ಕದಲ್ಲೇ ಕೆಲಸ ಮಾಡ್ತಿದ್ಲು, ಶಿಲ್ಪಾ. 'ಅಸ್ಫೀ, ಕೈ ಕೊಡೇ' ಅಂದ್ಲು. ನನಗೆ ಕೇಳಿಸ್ತು ತಾರಿಖ್... ಆದ್ರೂ ಓಡ್ದೆ! ಅವಳ ಎಡಗೈ ಸುಟ್ಟೋಯ್ತು. ಒಂದ್ಸಲಾನೂ ನೋಡೋಕೆ ಹೋಗಿಲ್ಲ."

ನಿಮ್ಮ ತಪ್ಪಿಲ್ಲ ಎಂದು ಅವನು ಸುಲಭಕ್ಕೆ ಹೇಳಲಿಲ್ಲ. "ಇದನ್ನೇ ಒಳಗೆ ಹೇಳಿ," ಎಂದ.

ಹೇಳಿದಳು. ಅಳುತ್ತಾ, ತಡವರಿಸುತ್ತಾ. ಆಮೇಲೆ ಊರ್ಡಿಗೆರೆಯಲ್ಲಿ ಶಿಲ್ಪಾಳ ಬಾಗಿಲು ತಟ್ಟಲು ಇನ್ನೂ ಆರು ವಾರ ಹಿಡಿಯಿತು.

"ಈಗ ಬಂದ್ಯೇನೇ?" ಶಿಲ್ಪಾ ಬಾಗಿಲಲ್ಲೇ ಬೈದಳು, ಅತ್ತಳು. ಕೊನೆಗೆ ಬಲಗೈಯಲ್ಲಿ ಅವಳನ್ನು ಒಳಗೆಳೆದುಕೊಂಡಳು. "ಬೈಯೋಕೂ ಕೈಗೆ ಸಿಗ್ಲಿಲ್ವಲ್ಲೇ ನೀನು!"

ಸಂಜೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ತಾರಿಖ್ ಕಾಯುತ್ತಿದ್ದ.

"ಮನೇಲಿ ಎಲ್ರಿಗೂ ಹೇಳ್ದೆ. ನನ್ನ ಕೌನ್ಸೆಲಿಂಗ್ ವಿಷ್ಯ."

"ನಾಚ್ಕೆ ಆಗ್ಲಿಲ್ವಾ?"

"ಆಯ್ತು. ಈಗ್ಲೂ ಆಗ್ತಿದೆ... ನಿಮ್ಮನ್ನೇ ಮದ್ವೆ ಆಗ್ತೀನಿ ಅಂತಾನೂ ಹೇಳ್ದೆ."

"ಅದನ್ನ ನನಗೇ ಹೇಳಿಲ್ವಲ್ಲ!"

"ಹೇಳ್ತಿದೀನಲ್ಲ... ಪ್ರೀತಿಸ್ತೀನಿ ಅಸ್ಫಿಯಾ. ಬುಧವಾರ ಅಮ್ಮೀನ ಕರ್ಕೊಂಡು ಬರ್ಲಾ?"

ಸುತ್ತ ಜನ ಕಿಕ್ಕಿರಿದಿದ್ದರು. ಅವಳು ದನಿ ತಗ್ಗಿಸಲಿಲ್ಲ.

"ಬುಧವಾರ ನನಗೆ ಕೌನ್ಸೆಲಿಂಗ್ ಇದೆ. ಗುರುವಾರ ಬನ್ನಿ... ಊಟಕ್ಕೆ."